ಆಸ್ಪತ್ರೆಯ ಕೈಗಳು ಮತ್ತು ಇಸುಬು

ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ವೈದ್ಯರೂ ದಾದಿಯರೂ ತೊಡುವ ತೆಳುವಾದ ರಬ್ಬರಿನ ಕೈಗವಸನ್ನು ನಾವೆಲ್ಲರೂ ಚಿತ್ರಗಳಲ್ಲಾದರೂ ಕಂಡಿರುತ್ತೇವೆ. ರೋಗಾಣುಗಳಿಂದ ರೋಗಿಯನ್ನು ಕಾಪಾಡುವುದಕ್ಕೆಂದೇ ಅದನ್ನು ಕಂಡುಹಿಡಿದರೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅದರ ಹುಟ್ಟಿಗೆ ಕಾರಣವಾದುದು ಒಬ್ಬ ದಾದಿಯ ಕೈಮೇಲೆ ಎದ್ದ ಇಸುಬು.

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ೧೮೮೯ರಲ್ಲಿ ಪ್ರಾರಂಭವಾಯಿತು. ಅಲ್ಲಿನ ಶಸ್ತ್ರವೈದ್ಯರಾದ ವಿಲಿಯಂ ಹಾಲ್‌ಸ್ಟೆಡ್ ಅವರ ಕೊಠಡಿಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬವರು ಮುಖ್ಯ ದಾದಿಯಾಗಿದ್ದರು. ಶಸ್ತ್ರಕ್ರಿಯೆಗೆ ಮುನ್ನ ಕೈಗಳನ್ನು ಮರ್ಕ್ಯುರಿಕ್ ಕ್ಲೋರೈಡಿನ ದ್ರಾವಣದಲ್ಲಿ ಅದ್ದಿ ಶುದ್ಧಿಮಾಡಿಕೊಳ್ಳುವುದು ಅಂದಿನ ಪದ್ಧತಿ. ಪಾದರಸದ ಈ ಲವಣವು ಘೋರ ವಿಷ. ರೋಗಾಣುಗಳನ್ನು ಕೊಲ್ಲುತ್ತದೆ, ಚರ್ಮವನ್ನೂ ಬಿಡುವುದಿಲ್ಲ. ಹ್ಯಾಂಪ್ಟನ್ ಅವರ ಕೈಗಳೂ ಮುಂದೋಳುಗಳೂ ಉರಿಯೂತದಿಂದ ಕೆಂಪೇರಿದವು. ಸಮರ್ಥಳಾದ ಸಹಾಯಕಿಯನ್ನು ಕಳೆದುಕೊಳ್ಳಲು ಒಪ್ಪದ ಹಾಲ್‌ಸ್ಟೆಡ್, ತೆಳುವಾದ ಎರಡು ಜೊತೆ ರಬ್ಬರ್ ಕೈಗವಸುಗಳನ್ನು ಪ್ರಯೋಗಾರ್ಥವಾಗಿ ತಯಾರಿಸಿಕೊಡಬೇಕೆಂದು ಗುಡ್‌ಇಯರ್ ರಬ್ಬರ್ ಕಂಪನಿಯನ್ನು ಕೇಳಿಕೊಂಡರು. ೧೮೯೦ರಲ್ಲಿ ಇವರಿಬ್ಬರಿಗೂ ವಿವಾಹವಾಯಿತೆಂಬುದು ವಿಜ್ಞಾನಕ್ಕೆ ಸಂಬಂಧಿಸದ ಸಂಗತಿಯಾದರೂ ವಾಚಕರಿಗೆ ತಿಳಿದಿರಲಿ! ಕೈಗವಸು ತೊಟ್ಟು ಶಸ್ತ್ರಕ್ರಿಯೆ ಮಾಡಿದಾಗ ರೋಗಿಯ ಗಾಯ ಕೀವುಗಟ್ಟುವುದು ಕಡಿಮೆಯೆಂಬುದನ್ನು ಹಾಲ್‌ಸ್ಟೆಡ್ ಅವರ ಶಿಷ್ಯರಾದ ಜೋಸೆಫ್ ಬ್ಲಡ್‌ಗುಡ್ ೧೮೯೯ರಲ್ಲಿ ಅಂಕಿಅಂಶಗಳೊಡನೆ ಪ್ರಕಟಿಸಿದರು. ಕೈಯನ್ನು ಕಾಯಲು ಬಂದದ್ದು ರೋಗಿಯನ್ನು ಕಾಯಲು ತೊಡಗಿದ ಬಗೆ ಹೀಗೆ.

ಇಷ್ಟು ಕಾಲ ಕಳೆದರೂ ಆಸ್ಪತ್ರೆಯಲ್ಲಿ ದುಡಿಯುವವರ ಕೈಯಿಂದ ಇಸುಬು ತೊಲಗಿಲ್ಲ. ಸಾಮಾನ್ಯ ಜನರಲ್ಲಿ ವರ್ಷವೊಂದರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಕೈ ಇಸುಬು ಕಾಣಿಸಿಕೊಂಡರೆ, ಆಸ್ಪತ್ರೆಯ ಸಿಬ್ಬಂದಿಯಲ್ಲಿ ಅದು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬರುತ್ತದೆ. ಮೊದಲು ಬೆರಳುಗಳ ಸಂದಿನಲ್ಲಿ, ಉಂಗುರದ ಕೆಳಗೆ, ಅಂಗೈಯ ಹಿಂಭಾಗದಲ್ಲಿ ಒಣಗಿದಂತೆ ಕಾಣುತ್ತದೆ, ಬಳಿಕ ತುರಿಕೆ, ಕೆಂಪು, ಸಣ್ಣ ನೀರುಗುಳ್ಳೆ, ಕೊನೆಗೆ ಬಿರುಕು. ಇದು ಅಂಟುರೋಗವಲ್ಲ. ಆದರೂ ನೋಡುವವರು ಹಿಂಜರಿಯುತ್ತಾರೆಂಬ ಅಳುಕಿನಿಂದ ಎಷ್ಟೋ ಮಂದಿ ಅದನ್ನು ಮುಚ್ಚಿಡುತ್ತಾರೆ.

ಕಾರಣವನ್ನು ತಿಳಿಯಬೇಕಾದರೆ ಚರ್ಮದ ರಚನೆಯನ್ನು ಸ್ವಲ್ಪ ನೋಡಬೇಕು. ಚರ್ಮದ ಅತ್ಯಂತ ಹೊರಗಿನ ಪದರವು ಸತ್ತ ಜೀವಕಣಗಳಿಂದಾದುದು. ದೇಹದ ಬಹುಭಾಗದಲ್ಲಿ ಅದರ ದಪ್ಪ ಮಿಲಿಮೀಟರಿನ ನೂರನೆಯ ಒಂದೆರಡು ಭಾಗವಷ್ಟೆ; ಅಂಗೈಯಲ್ಲಿ ಮಾತ್ರ ಇದಕ್ಕಿಂತ ಹಲವು ಮಡಿ ಹೆಚ್ಚು. ಚಪ್ಪಟೆಯಾದ ಜೀವಕಣಗಳು ಇಟ್ಟಿಗೆಗಳಂತೆ ಒಂದರ ಮೇಲೊಂದು ಕುಳಿತಿದ್ದು, ಅವುಗಳ ನಡುವೆ ಸಿರಮೈಡು, ಕೊಲೆಸ್ಟರಾಲು ಮತ್ತು ಮೇದಾಮ್ಲಗಳು ಗಾರೆಯಂತೆ ತುಂಬಿಕೊಂಡಿವೆ. ಒಳಗಿನ ತೇವ ಹೊರಹೋಗದಂತೆಯೂ ಹೊರಗಿನ ವಸ್ತು ಒಳಹೊಗದಂತೆಯೂ ತಡೆಯುವುದು ಈ ಗೋಡೆಯೇ. ಆರೋಗ್ಯವಂತ ಚರ್ಮದ ಮೇಲ್ಮೈಯು ತುಸು ಆಮ್ಲಗುಣವುಳ್ಳದ್ದು. ಗೋಡೆಯ ದುರಸ್ತಿ ಚೆನ್ನಾಗಿ ನಡೆಯಲು ಆ ಹುಳಿಯೇ ಬೇಕು.

ಈಗ ಸಾಬೂನಿನ ವಿಚಾರ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಂಪು ಲಿಟ್ಮಸ್ ಕಾಗದದ ಚೂರೊಂದನ್ನು ಸಾಮಾನ್ಯ ಸಾಬೂನಿನ ನೀರಿನಲ್ಲಿ ಅದ್ದಿ ನೋಡಿದರೆ ಅದು ನೀಲಿಗೆ ತಿರುಗುತ್ತದೆ. ಸಾಬೂನು ಕ್ಷಾರವೆಂಬುದಕ್ಕೆ ಇದೇ ಸಾಕ್ಷಿ. ಅದು ಚರ್ಮದ ಆಮ್ಲಗುಣವನ್ನು ಕೆಡಿಸುತ್ತದೆ. ಕೊಳೆಯ ಜಿಡ್ಡಿಗೂ ಗೋಡೆಯ ಗಾರೆಗೂ ಭೇದವೆಣಿಸದೆ ಎರಡನ್ನೂ ಕರಗಿಸಿಕೊಂಡು ಹೋಗುತ್ತದೆ. ದಿನಕ್ಕೆ ನಾಲ್ಕಾರು ಸಲ ಕೈತೊಳೆಯುವ ನಮಗೆ ಇದರಿಂದ ತೊಂದರೆಯಿಲ್ಲ. ಮುಂದಿನ ತೊಳೆತಕ್ಕೆ ಮೊದಲೇ ನಷ್ಟ ತುಂಬಿಬರುತ್ತದೆ. ರೋಗಿಯಿಂದ ರೋಗಿಗೆ ಹೋಗುವ ದಾದಿಗೆ ಆ ಬಿಡುವು ದೊರೆಯುವುದಿಲ್ಲ. ಕೆಲಸದ ಒಂದು ಪಾಳಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಕೈ ಒದ್ದೆಯಾಗಿರುವುದು, ಇಲ್ಲವೆ ಇಪ್ಪತ್ತು ಸಲಕ್ಕೂ ಮಿಗಿಲಾಗಿ ತೊಳೆಯುವುದು, ಇಲ್ಲವೆ ಎರಡು ಗಂಟೆ ಗಾಳಿಯಾಡದ ಕೈಗವಸಿನೊಳಗಿರುವುದು – ಇವುಗಳಲ್ಲಿ ಯಾವುದಾದರೂ ಅಪಾಯಕರವೆಂದು ತಜ್ಞರು ಎಣಿಸುತ್ತಾರೆ. ಕೈಗವಸಿನ ಒಳಗೆ ಬೆವರು ಆರದೆ ಚರ್ಮ ನೆನೆದು ಮೆತ್ತಗಾಗುವುದೇ ಇದಕ್ಕೆ ಕಾರಣ. ದಾದಿಯ ಕಷ್ಟವನ್ನು ಬರೆಯುವವರುಂಟು. ನೆಲ ಒರೆಸುವ, ಪಾತ್ರೆ ತೊಳೆಯುವ ಆಯಾಗಳ ಕೈಗಳು ಇನ್ನೂ ಹೆಚ್ಚು ಹೊತ್ತು ನೀರಿನಲ್ಲಿರುತ್ತವೆಂಬುದನ್ನು ನೆನೆಯುವವರು ಕಡಿಮೆ.

ಹಾಗಾದರೆ ಕೈ ತೊಳೆಯುವುದನ್ನು ಕಡಿಮೆ ಮಾಡಬಹುದಲ್ಲ, ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವು ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿದೆ. ೧೮೪೬ರಲ್ಲಿ ಅಲ್ಲಿನ ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಸುಮಾರು ಹನ್ನೊಂದು ಬಾಣಂತಿಯರು ಸಾಯುತ್ತಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ೧೮೪೭ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ, ೧೮೪೮ರ ವೇಳೆಗೆ ಆ ಸಂಖ್ಯೆ ನೂರಕ್ಕೆ ಒಂದೂಕಾಲರಷ್ಟಕ್ಕೆ ಇಳಿಯಿತು. ರೋಗಿಯ ಪ್ರಾಣವೂ ದಾದಿಯ ಚರ್ಮವೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೀಗೆ. ಕೈ ಬಿರಿದವರು ನೋವಿಗೆ ಹೆದರಿ ತೊಳೆಯಲು ಹಿಂದೆಗೆಯುತ್ತಾರೆ. ಬಿರಿದ ಚರ್ಮದಲ್ಲಿಯೇ ಕೀವು ಮಾಡುವ ಸ್ಟೆಫಿಲೊಕಾಕಸ್ ರೋಗಾಣುಗಳು ಹೆಚ್ಚಾಗಿ ನೆಲೆಸುತ್ತವೆ. ಇಸುಬಿನಿಂದ ಕೆಡುಕಾಗುವುದು ಇಬ್ಬರಿಗೂ.

ಇಲ್ಲೊಂದು ವಿಚಿತ್ರವುಂಟು. ಮದ್ಯಸಾರದ ದ್ರವವನ್ನು ಕೈಗೆ ಉಜ್ಜಿಕೊಂಡರೆ ಬಿರುಕುಗಳು ಚುರುಗುಟ್ಟುತ್ತವೆ. ಆದುದರಿಂದ ಇಸುಬಿಗೆ ಅದೇ ಕಾರಣವೆಂದು ದೂರಿ, ಮೃದುವೆಂದು ತೋರುವ ಸಾಬೂನು ನೀರಿಗೆ ಹಿಂದಿರುಗುವವರು ಹಲವರು. ಪರೀಕ್ಷೆಗಳು ತೋರಿಸುವುದು ಇದಕ್ಕೆ ವಿರುದ್ಧ. ಮದ್ಯಸಾರವು ಗಾರೆಯನ್ನು ತುಸು ಸಡಿಲಿಸಿದರೂ ತೊಳೆದುಹಾಕುವುದಿಲ್ಲ. ಅದು ಆವಿಯಾದಾಗ ಮೇದಸ್ಸು ಚರ್ಮದ ಮೇಲೆಯೇ ಉಳಿಯುತ್ತದೆ. ಚುರುಗುಟ್ಟುವುದು ಮೊದಲೇ ಆಗಿರುವ ಗಾಯದ ಸೂಚನೆಯಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿದ ಸೂತ್ರವೊಂದರಲ್ಲಿ ನೂರಕ್ಕೆ ಎಂಬತ್ತು ಪಾಲು ಎಥನಾಲ್ ಇದ್ದರೆ, ಒಂದೂವರೆ ಪಾಲಿನಷ್ಟು ಗ್ಲಿಸರಿನ್ ಕೂಡ ಇದೆ. ಚರ್ಮ ಒಣಗದಿರಲೆಂದೇ ಅದನ್ನು ಸೇರಿಸಿದ್ದಾರೆ. ಕೈಯಲ್ಲಿ ಕಾಣುವಂತಹ ಕೊಳೆಯಿದ್ದಾಗ ಸಾಬೂನು, ಉಳಿದ ಬಹುಪಾಲು ಸಂದರ್ಭಗಳಲ್ಲಿ ಮದ್ಯಸಾರ, ಎರಡನ್ನೂ ಒಂದರ ಹಿಂದೊಂದು ಬಳಸಬಾರದು ಎಂಬುದೇ ಆ ಸಂಸ್ಥೆಯ ಸಲಹೆ.

ಈವರೆಗೆ ಹೇಳಿದುದು ಸವಕಳಿಯಿಂದ ಬರುವ ಇಸುಬು. ಎರಡನೆಯ ಬಗೆಯದು ಒಗ್ಗದಿರುವಿಕೆಯಿಂದ, ಎಂದರೆ ಅಲರ್ಜಿಯಿಂದ, ಬರುವಂಥದು. ೧೮೬೮ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯವಿದ್ಯಾರ್ಥಿಯು ಚರ್ಮದಲ್ಲಿ ಕವಲುಗಳುಳ್ಳ ಒಂದು ಜಾತಿಯ ಜೀವಕಣಗಳನ್ನು ಕಂಡು, ಅವು ನರಗಳಿಗೆ ಸೇರಿದವೆಂದು ಬಗೆದನು. ಅವು ರಕ್ಷಣಾವ್ಯವಸ್ಥೆಯ ಕಾವಲುಗಾರರೆಂದು ತಿಳಿಯಲು ನೂರು ವರ್ಷ ಬೇಕಾಯಿತು. ಸವೆದ ಗೋಡೆಯೊಳಗೆ ನುಸುಳಿದ ಸಣ್ಣ ಅಣುವೊಂದು ಚರ್ಮದ ಪ್ರೋಟೀನಿನೊಡನೆ ಕೂಡಿಕೊಂಡಾಗ, ಇವು ಅದನ್ನು ಹೊತ್ತು ಸಮೀಪದ ದುಗ್ಧಗ್ರಂಥಿಗೆ ಸಾಗಿ, ಅಲ್ಲಿನ ಬಿಳಿಯ ರಕ್ತಕಣಗಳಿಗೆ ಗುರುತು ಹೇಳಿಕೊಡುತ್ತವೆ. ಈ ಪಾಠಕ್ಕೆ ಎರಡು ವಾರದಷ್ಟು ಸಮಯ ಹಿಡಿಯುತ್ತದೆ. ಒಮ್ಮೆ ಕಲಿತ ಮೇಲೆ ಸಾಮಾನ್ಯವಾಗಿ ಜೀವಮಾನವೆಲ್ಲ ಮರೆಯುವುದಿಲ್ಲ. ಮತ್ತೆ ಅದೇ ವಸ್ತು ಸೋಂಕಿದರೆ ಒಂದೆರಡು ದಿನಗಳಲ್ಲಿ ಇಸುಬು ಏಳುತ್ತದೆ.

ಆಸ್ಪತ್ರೆಯಲ್ಲಿ ಇಂತಹ ವಸ್ತುಗಳಿಗೆ ಕೊರತೆಯಿಲ್ಲ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಬಳಕೆಗೆ ಬಂದ ಕಾಲದಲ್ಲಿ, ದಿನವೂ ಸೂಜಿಮದ್ದು ತುಂಬುತ್ತಿದ್ದ ದಾದಿಯರ ಬೆರಳುಗಳಲ್ಲಿ ಇಸುಬು ಕಾಣಿಸಿಕೊಂಡಿತು. ಇನ್ನು ಕೈಗವಸನ್ನೇ ನೋಡೋಣ. ರಬ್ಬರನ್ನು ಬೇಗ ಹದಗೊಳಿಸಲು ಬೆರೆಸುವ ಥೈಯುರಾಮ್, ಕಾರ್ಬಮೇಟ್ ಮೊದಲಾದ ರಾಸಾಯನಿಕಗಳ ಶೇಷ ಅದರಲ್ಲಿ ಉಳಿಯುತ್ತದೆ. ರಕ್ಷಣೆಗೆಂದು ತೊಟ್ಟದ್ದೇ ರೋಗಕ್ಕೆ ಮೂಲವಾಗುತ್ತದೆ. ಮರದ ಹಾಲಿನ ಪ್ರೋಟೀನುಗಳಿಂದ ಬರುವ ಅಲರ್ಜಿ ಬೇರೆಯದು: ನಿಮಿಷಗಳಲ್ಲಿ ದದ್ದು, ಕೆಲವರಲ್ಲಿ ಉಬ್ಬಸ, ಅಪರೂಪಕ್ಕೆ ಪ್ರಾಣಾಪಾಯ. ಎಲ್ಲ ರೋಗಿಗಳ ರಕ್ತವನ್ನೂ ಸೋಂಕಿನದೆಂದೇ ಭಾವಿಸಬೇಕೆಂಬ ನಿಯಮ ಅಮೆರಿಕದಲ್ಲಿ ೧೯೮೭ರಲ್ಲಿ ಬಂದ ಬಳಿಕ ಕೈಗವಸಿನ ಬಳಕೆ ವಿಪರೀತವಾಗಿ ಏರಿತು. ಈ ಅಲರ್ಜಿಯೂ ಏರಿತು. ಕೈಗವಸಿನೊಳಗಿನ ಜೋಳದ ಪುಡಿಯು ಆ ಪ್ರೋಟೀನನ್ನು ಗಾಳಿಗೆ ತೂರುತ್ತಿದ್ದಿತು. ಪುಡಿಯುಳ್ಳ ಕೈಗವಸುಗಳನ್ನು ಅಲ್ಲಿ ೨೦೧೭ರಿಂದ ನಿಷೇಧಿಸಿದ್ದಾರೆ.

ಎರಡು ಬಗೆಗಳೂ ಕಣ್ಣಿಗೆ ಒಂದೇ ರೀತಿ ಕಾಣುವುದರಿಂದ ವೈದ್ಯರು ತೇಪೆ ಪರೀಕ್ಷೆಯ ಮೊರೆಹೋಗುತ್ತಾರೆ. ೧೮೯೫ರಲ್ಲಿ ಯೋಸೆಫ್ ಯಾಡಸ್ಸೋನ್ ಇದನ್ನು ವರದಿಮಾಡಿದಾಗ ಪರೀಕ್ಷಿಸಿದ ವಸ್ತು ಪಾದರಸವೇ ಆಗಿದ್ದುದು ಹ್ಯಾಂಪ್ಟನ್ ಅವರನ್ನು ನೆನಪಿಗೆ ತರುತ್ತದೆ. ಸಂಶಯವಿರುವ ವಸ್ತುಗಳನ್ನು ಅಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, ಎರಡು ದಿನಗಳ ಮೇಲೆ ತೆಗೆದು, ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಥೈಯುರಾಮಿನ ಜಾಗ ಕೆಂಪಾಗಿ ಉಬ್ಬಿದರೆ ದಾದಿಯು ವೃತ್ತಿಯನ್ನು ಬಿಡಬೇಕಾಗಿಲ್ಲ; ಆ ಬಗೆಯ ರಾಸಾಯನಿಕಗಳಿಲ್ಲದೆ ತಯಾರಿಸಿದ ಕೈಗವಸು ತೊಟ್ಟರಾಯಿತು. ಯಾವ ಜಾಗವೂ ಉಬ್ಬದಿದ್ದರೆ ಸವಕಳಿಯೇ ಕಾರಣವೆಂದು ಸಾಮಾನ್ಯವಾಗಿ ಬಗೆಯಬೇಕು. ಆಗ ಬಿಸಿನೀರನ್ನು ಬಿಟ್ಟು ಉಗುರುಬೆಚ್ಚಗಿನ ನೀರು, ಪೂರ್ತಿ ಒಣಗಿದ ಕೈಗೇ ಕೈಗವಸು, ಉಂಗುರವಿಲ್ಲದ ಬೆರಳು, ಪಾಳಿ ಮುಗಿದ ಮೇಲೆಯೂ ಮಲಗುವ ಮುನ್ನವೂ ಸುಗಂಧವಿಲ್ಲದ ಜಿಡ್ಡಿನ ಮುಲಾಮು. ಬಾಲ್ಯದಲ್ಲಿ ಇಸುಬು ಇದ್ದವರು ಮೊದಲ ದಿನದಿಂದಲೇ ಹೀಗೆ ನಡೆದುಕೊಳ್ಳುವುದು ಲೇಸು. ಚರ್ಮದ ಗೋಡೆಯನ್ನು ಕಟ್ಟುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಕೊರತೆಯು ಅಂತಹ ಹಲವರಲ್ಲಿ ಹುಟ್ಟಿನಿಂದಲೇ ಇರುತ್ತದೆಂದು ೨೦೦೬ರಲ್ಲಿ ತಿಳಿದುಬಂದಿದೆ. ಕೈ ನೋಟಕ್ಕೆ ವಾಸಿಯಾದ ಮಾತ್ರಕ್ಕೆ ಮುಲಾಮನ್ನು ನಿಲ್ಲಿಸಬಾರದು. ಒಳಗಿನ ಗಾರೆ ಮೊದಲಿನಷ್ಟು ಗಟ್ಟಿಯಾಗಲು ಮತ್ತೆ ಹಲವು ತಿಂಗಳುಗಳು ಬೇಕು.