ಸಿದ್ಧ ಫೀಚರ್ ಎಳೆದು ಹಾಕುವುದನ್ನು ಯಾವಾಗ ಕಲಿಸಬೇಕು?

ಗಂಗಾವತಿಯ ಒಂದು ತಾಂತ್ರಿಕ ತರಬೇತಿ ಕೇಂದ್ರದಲ್ಲಿ ನನ್ನ ಬೋಧನಾ ಅಭ್ಯಾಸದ ನಾಲ್ಕನೆಯ ಪಾಠವಿತ್ತು. ಘಟಕ: ಸಾಲಿಡ್‌ವರ್ಕ್ಸ್‌ನಲ್ಲಿ ‘ಲೈಬ್ರರಿ ಫೀಚರ್’. ಒಮ್ಮೆ ಮಾಡಿದ ರಂಧ್ರ, ಗಾಡಿ ಅಥವಾ ಬಾಸ್ ಅನ್ನು ಉಳಿಸಿಟ್ಟುಕೊಂಡು ಬೇರೆ ಭಾಗದ ಮೇಲೆ ಎಳೆದು ಹಾಕುವ ಸೌಲಭ್ಯವಿದು. ಊರ ತುಂಬ ರೈಸ್ ಮಿಲ್‌ಗಳಿರುವುದರಿಂದ ಪುಲ್ಲಿ ಕೂರಿಸುವ ಶಾಫ್ಟನ್ನೇ ಉದಾಹರಣೆಗೆ ಆರಿಸಿಕೊಂಡೆ.

40 ಮಿ.ಮೀ. ಶಾಫ್ಟಿಗೆ 12 ಮಿ.ಮೀ. ಅಗಲ, 5 ಮಿ.ಮೀ. ಆಳದ ಕೀವೇ ಮೊದಲೇ ಸಿದ್ಧಪಡಿಸಿ ಉಳಿಸಿದ್ದೆ. ತರಗತಿಯಲ್ಲಿ ಅದನ್ನು 25 ಮಿ.ಮೀ. ಶಾಫ್ಟಿನ ಮೇಲೆ ಎಳೆದು ಹಾಕಿದೆ. ಅರ್ಧ ನಿಮಿಷದ ಕೆಲಸ. ಕಲಿಕಾರ್ಥಿಗಳು ಖುಷಿಪಟ್ಟರು, ನಾನೂ ಹಿಗ್ಗಿದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ್, ಸಣ್ಣ ಶಾಫ್ಟಿಗೆ ಇಷ್ಟು ಅಗಲ ಕೊರದ್ರ ತಡಿತೈತೇನ್ರಿ?” ಎಂದ.

ತಡೆಯುವುದಿಲ್ಲ ಎನ್ನುವುದಕ್ಕಿಂತ, ಅದು ಆ ಶಾಫ್ಟಿನ ಅಳತೆಯೇ ಅಲ್ಲ. 25 ಮಿ.ಮೀ. ಶಾಫ್ಟಿಗೆ ಮಾನಕ ಕೋಷ್ಟಕದಂತೆ 8 ಮಿ.ಮೀ. ಅಗಲ, 4 ಮಿ.ಮೀ. ಆಳ ಸಾಕು. ಅಳತೆ ಬದಲಿಸುವ ಕಿಟಕಿ ಪರದೆಯ ಮೇಲೆ ತೆರೆದೇ ಇತ್ತು. ನಾನು ನೋಡದೆ ಸರಿ ಗುರುತು ಒತ್ತಿದ್ದೆ. ತಂತ್ರಾಂಶ ಏಕೆ ತಕರಾರು ತೆಗೆಯಲಿಲ್ಲ? ಆಳವನ್ನು ನಾನು ಶಾಫ್ಟಿನ ಮೇಲ್ಮೈಯಿಂದ ಅಳೆದು ಕೊಟ್ಟಿದ್ದೆ. ಗಾಡಿಯ ತಳ ಕೇಂದ್ರದಿಂದ 15 ಮಿ.ಮೀ. ಎಂದು ಕೊಟ್ಟಿದ್ದರೆ, 12.5 ಮಿ.ಮೀ. ತ್ರಿಜ್ಯದಲ್ಲಿ ಕತ್ತರಿಸಲು ಲೋಹವೇ ಸಿಗದೆ ದೋಷ ತೋರಿಸುತ್ತಿತ್ತು. ಇದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸುವುದರಲ್ಲೇ ಉಳಿದ ಅವಧಿ ಮುಗಿಯಿತು. ಪಾಠ ಯೋಜನೆಯ ಮೌಲ್ಯಮಾಪನ ಹಂತ ಉಳಿದೇ ಹೋಯಿತು. ಮೇಲ್ವಿಚಾರಕರು ಅಂಕ ಕಡಿಮೆ ಕೊಟ್ಟರು, ಅದು ನ್ಯಾಯವೇ.

ಹಾಗಾದರೆ ಈ ಸೌಲಭ್ಯ ಬೇಡವೇ? ಬೇಕು. ಭಾನಾಪುರದ ಆಟಿಕೆ ಕ್ಲಸ್ಟರ್ ಕಡೆ ಕೆಲಸಕ್ಕೆ ಕಣ್ಣಿಟ್ಟ ಹುಡುಗರು ನಮ್ಮಲ್ಲಿದ್ದಾರೆ. ಪ್ಲಾಸ್ಟಿಕ್ ಆಟಿಕೆಯ ಎರಡು ಹೋಳುಗಳನ್ನು ಸೇರಿಸುವ ಸ್ಕ್ರೂ ಬಾಸ್ ಒಂದೇ ವಿನ್ಯಾಸದಲ್ಲಿ ಹತ್ತಾರು ಕಡೆ ಬರುತ್ತದೆ. ಅಲ್ಲಿ ಪ್ರತಿಸಲ ಹೊಸದಾಗಿ ಬರೆಯುವುದು ದಡ್ಡತನ. ಆದರೆ ಒಂದು ಕೀವೇ ನೇರವಾಗಿ ಬರೆಯಲು ನನಗೆ ಐದು ನಿಮಿಷ ಹಿಡಿದರೆ, ಆಧಾರ ಮುಖಗಳನ್ನು ಗೊತ್ತುಮಾಡಿ ಅದನ್ನು ಲೈಬ್ರರಿಗೆ ಸೇರಿಸಲು ಅರ್ಧ ಗಂಟೆ ಹಿಡಿದಿತ್ತು. ಆರೇಳು ಸಲಕ್ಕಿಂತ ಕಡಿಮೆ ಬಳಸುವುದಾದರೆ ನಷ್ಟವೇ.

ಮರುವಾರ ಅದೇ ಪಾಠವನ್ನು ಕುಷ್ಟಗಿಯಲ್ಲಿ ಕೊಡಬೇಕಿತ್ತು. ಈ ಸಲ 25, 40, 50 ಮಿ.ಮೀ. ಶಾಫ್ಟುಗಳಿಗೆ ಕೋಷ್ಟಕ ನೋಡಿ ಕೈಯಾರೆ ಕೀವೇ ಬರೆಸಿದೆ. ಮೂರನೆಯದಕ್ಕೆ ಬರುವಾಗ, “ಪ್ರತಿಸಲ ಇದನ್ನ ಬರೀಬೇಕೇನ್ರಿ ಸರ್?” ಎಂದು ಅವರೇ ಗೊಣಗಿದರು. ಲೈಬ್ರರಿ ಫೀಚರ್ ತೆರೆದದ್ದು ಆಗಲೇ.