ಐಸ್ ಟ್ರೇಯಲ್ಲಿ ನಾಯಿಗೊಂದು ಪಾಲು

ಏಪ್ರಿಲ್ ಮಧ್ಯಾಹ್ನ ನಾಯಿ ಎಲ್ಲಿ ಮಲಗಿದೆ ಎಂದು ನೋಡಿದರೆ ಸಾಕು, ಸೆಕೆ ಎಷ್ಟಿದೆ ಎಂದು ತಿಳಿಯುತ್ತದೆ. ಬಚ್ಚಲುಮನೆಯ ಹೊಸ್ತಿಲು, ಒಗೆಯುವ ಕಲ್ಲಿನ ಪಕ್ಕದ ಒದ್ದೆ ಮಣ್ಣು, ಮಂಚದ ಕೆಳಗಿನ ತಣ್ಣನೆಯ ನೆಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ನಾಲಿಗೆ ಚಾಚಿ ಏದುಸಿರು ಬಿಡುತ್ತಾ ಬಿದ್ದಿರುತ್ತದೆ. ನಮ್ಮ ಹಾಗೆ ಮೈಯೆಲ್ಲ ಬೆವರುವ ಅನುಕೂಲ ಅದಕ್ಕಿಲ್ಲ. ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಅಷ್ಟಿಷ್ಟು. ಬಾಯಿಯ ತೇವ ಉಸಿರಿನ ಜೊತೆ ಆವಿಯಾಗಿ ಹೋದಾಗಲೇ ಅದರ ಮೈ ತಣಿಯಬೇಕು. ಹಾಗಾಗಿ ಬೇಸಿಗೆಯಲ್ಲಿ ಅದಕ್ಕೆ ಬೇಕಾದದ್ದು ಎಲ್ಲಕ್ಕಿಂತ ಮೊದಲು ನೀರು.

ಕೆಲವು ನಾಯಿಗಳು ಬಟ್ಟಲಿನ ನೀರನ್ನು ಮೂಸಿ ನೋಡಿ ಹಾಗೇ ಹೊರಟುಬಿಡುತ್ತವೆ. ಅದೇ ನೀರಿಗೆ ಒಂದಿಷ್ಟು ರುಚಿ ಸೇರಿಸಿ ಗಟ್ಟಿ ಮಾಡಿ ಮುಂದಿಟ್ಟರೆ ಅರ್ಧ ಗಂಟೆ ಕೂತು ನೆಕ್ಕುತ್ತವೆ. ಮನೆಯಲ್ಲೇ ಮಾಡುವ ಐಸ್ ತಿನಿಸಿನ ಪ್ರಯೋಜನವೇ ಇದು. ಹೊಟ್ಟೆಗೆ ನೀರು ಹೋಗುತ್ತದೆ, ಬಿಸಿಲಿಳಿಯುವವರೆಗೆ ಹೊರಗೆ ಬಿಡಲಾಗದ ನಾಯಿಗೆ ಹೊತ್ತೂ ಹೋಗುತ್ತದೆ. ನಾವು ತಿನ್ನುವ ಐಸ್‌ಕ್ರೀಮಿನಲ್ಲೇ ಒಂದು ತುತ್ತು ಕೊಟ್ಟರಾಯಿತು ಎನ್ನುವವರಿದ್ದಾರೆ. ಅದು ಬೇಡ. ಅದರಲ್ಲಿರುವುದು ಸಕ್ಕರೆ, ಕೊಬ್ಬು ಮತ್ತು ಹಾಲು. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲಿನ ಲ್ಯಾಕ್ಟೋಸ್ ಅರಗದೆ ಭೇದಿಯಾಗುತ್ತದೆ.

ಮೊದಲು ಬೇಡದ್ದನ್ನು ಪಕ್ಕಕ್ಕಿಡಿ

ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಟ್ರೇಗೆ ಸುರಿಯುವಂತಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆಯಾಗುವುದರಿಂದ ಒಂದನ್ನೂ ಕೊಡಬಾರದು. ಇದಕ್ಕೆ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು ಪಶುವೈದ್ಯ ವಿಷಶಾಸ್ತ್ರಜ್ಞರು ಈಚಿನ ವರ್ಷಗಳಲ್ಲಿ ಹೇಳುತ್ತಿದ್ದಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ನಮ್ಮ ಸಾರು, ಹುಳಿ ಎಲ್ಲಕ್ಕೂ ಹುಣಸೆ ಬೀಳುವುದರಿಂದ ಈ ಮಾತನ್ನು ಕನ್ನಡದ ಮನೆಗಳು ಗಟ್ಟಿಯಾಗಿ ನೆನಪಿಡಬೇಕು. ಉಳಿದ ಸಾರು ನಾಯಿಗಲ್ಲ.

ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ, ಬೇಯಿಸಿರಲಿ, ಪುಡಿಯಾಗಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಾಕೊಲೇಟ್, ಕಾಫಿ ಬೇಡವೇ ಬೇಡ. ‘ಶುಗರ್ ಫ್ರೀ’ ಎಂದು ಬರೆದ ತಿನಿಸುಗಳಲ್ಲಿ, ಕೆಲವು ಪೀನಟ್ ಬಟರ್ ಡಬ್ಬಿಗಳಲ್ಲೂ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಅದು ಸ್ವಲ್ಪವೇ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ಅಂಶ ಥಟ್ಟನೆ ಕುಸಿಯುತ್ತದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದದೆ ಪೀನಟ್ ಬಟರ್ ಬಳಸಬೇಡಿ. ಉಪ್ಪು, ಸಕ್ಕರೆ, ಬೆಲ್ಲ, ಮೆಣಸಿನಕಾಯಿ, ಒಗ್ಗರಣೆ ಯಾವುದೂ ಬೇಕಿಲ್ಲ.

ಚಿಕನ್ ಬೇಯಿಸಿದ ನೀರಿನ ಐಸ್

ಎಲ್ಲಕ್ಕಿಂತ ಹೆಚ್ಚು ನೀರು ಒಳಗೆ ಹೋಗುವುದು ಇದರಲ್ಲಿ. ಒಂದನ್ನೇ ಮಾಡುವುದಾದರೆ ಇದನ್ನೇ ಮಾಡಿ ಎನ್ನುತ್ತೇನೆ.

1. ಎಲುಬಿಲ್ಲದ ಕೋಳಿಮಾಂಸ 200 ಗ್ರಾಂ ತೆಗೆದುಕೊಂಡು ಚೆನ್ನಾಗಿ ತೊಳೆಯಿರಿ. ಒಂದು ಲೀಟರ್ ನೀರಿಗೆ ಹಾಕಿ, ಏನನ್ನೂ ಸೇರಿಸದೆ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಒಂದು ಕ್ಯಾರೆಟ್ ಹೆಚ್ಚಿ ಹಾಕಿದರೆ ಒಳ್ಳೆಯದು.

2. ಎಲುಬಿನ ಸಮೇತ ಬೇಯಿಸಿದ್ದರೆ ಜರಡಿಯಲ್ಲಿ ಸೋಸಿ, ಬೆರಳಲ್ಲಿ ಮುಟ್ಟಿ ನೋಡಿ ಒಂದೊಂದು ಚೂರನ್ನೂ ತೆಗೆಯಿರಿ. ಬೆಂದ ಕೋಳಿ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಅದನ್ನು ಬೀದಿನಾಯಿಗೂ ಎಸೆಯಬೇಡಿ.

3. ನೀರು ಆರಿದ ಮೇಲೆ ಪಾತ್ರೆಗೆ ಮುಚ್ಚಳ ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ನೋಡಿದರೆ ಮೇಲೆ ತೆಳ್ಳಗೆ ಬಿಳಿ ಪದರ ಕಟ್ಟಿರುತ್ತದೆ. ಅದು ಕೊಬ್ಬು. ಚಮಚದ ಅಂಚಿನಿಂದ ಎತ್ತಿದರೆ ಪದರವಾಗಿಯೇ ಬರುತ್ತದೆ. ತಪ್ಪದೆ ತೆಗೆಯಿರಿ, ಜಿಡ್ಡು ಹೆಚ್ಚಾದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರುತ್ತದೆ.

4. ಬೆಂದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಟ್ರೇಯ ಒಂದೊಂದು ಗುಳಿಗೂ ಒಂದೆರಡು ಎಳೆ, ಒಂದು ಚೂರು ಕ್ಯಾರೆಟ್ ಹಾಕಿ ಮೇಲೆ ಈ ನೀರು ಹೊಯ್ಯಿರಿ. ಗಟ್ಟಿಯಾಗಲು ನಾಲ್ಕರಿಂದ ಆರು ಗಂಟೆ ಬೇಕು.

ಮಾಂಸ ಬೇಯಿಸದ ಮನೆಯಲ್ಲಿ

ಸಿಹಿಗುಂಬಳದ ಹೋಳನ್ನು ಸಿಪ್ಪೆ, ಬೀಜ ತೆಗೆದು ಆವಿಯಲ್ಲಿ ಬೇಯಿಸಿ ನುಣ್ಣಗೆ ಹಿಸುಕಿ. ಅಷ್ಟೇ ಪ್ರಮಾಣದ ಸಪ್ಪೆ ಮೊಸರು ಬೆರೆಸಿ ಅಚ್ಚಿಗೆ ಹಾಕಿ. ಹಾಲಿಗಿಂತ ಮೊಸರಿನಲ್ಲಿ ಲ್ಯಾಕ್ಟೋಸ್ ಕಡಿಮೆ, ಹಾಗಾಗಿ ಹೆಚ್ಚಿನ ನಾಯಿಗಳಿಗೆ ಒಗ್ಗುತ್ತದೆ. ಮೊದಲ ದಿನ ಒಂದು ಚಮಚದಷ್ಟು ಕೊಟ್ಟು, ಮಾರನೆಯ ದಿನ ಹೊಟ್ಟೆ ಸರಿಯಿದ್ದರೆ ಮುಂದುವರಿಸಿ. ಹಳೆ ಮೈಸೂರು ಸೀಮೆಯಲ್ಲಿ ನಾಯಿಗೆ ರಾಗಿ ಹೊಸದೇನಲ್ಲ. ತೆಳ್ಳಗೆ ಕಾಸಿದ ರಾಗಿ ಅಂಬಲಿಗೆ ಉಪ್ಪಿಲ್ಲದ ಮಜ್ಜಿಗೆ ಬೆರೆಸಿ ಗಟ್ಟಿ ಮಾಡಿದರೆ ಅದೂ ಒಳ್ಳೆಯ ಐಸ್. ಆದರೆ ಅದು ಹೊಟ್ಟೆ ತುಂಬುವ ಪದಾರ್ಥ, ಆ ದಿನದ ಊಟ ಸ್ವಲ್ಪ ಕಡಿಮೆ ಮಾಡಿ.

ಹಣ್ಣುಗಳಲ್ಲಿ ಕಲ್ಲಂಗಡಿಗೆ ಮೊದಲ ಸ್ಥಾನ. ಅದರಲ್ಲಿ 90%ಕ್ಕಿಂತ ಹೆಚ್ಚು ನೀರೇ. ಬೀಜ, ದಪ್ಪ ಸಿಪ್ಪೆ ತೆಗೆದು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಸುರಿದರಾಯಿತು. ಸೌತೆಕಾಯಿ, ಕರ್ಬೂಜ, ಬೀಜ ತೆಗೆದ ಪರಂಗಿ, ಬೀಜ ಮತ್ತು ದಿಂಡು ತೆಗೆದ ಸೇಬು ಆಗುತ್ತವೆ. ಬಾಳೆಹಣ್ಣು ಮಾವು ಸಿಹಿ ಜಾಸ್ತಿ, ಎರಡು ಮೂರು ಚೂರು ಸಾಕು. ಮಾವಿನ ಓಟೆ ಮಾತ್ರ ನಾಯಿಯ ಕಣ್ಣಿಗೂ ಬೀಳದಿರಲಿ. ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ.

ಅಚ್ಚು ಯಾವುದು?

ಐಸ್ ಟ್ರೇ ಇದ್ದರೆ ಸರಿ. ತೂತಿಲ್ಲದ ಇಡ್ಲಿ ತಟ್ಟೆ ಅದಕ್ಕಿಂತ ಮೇಲು. ಅರ್ಧ ಬೆರಳಿನಷ್ಟು ಮಾತ್ರ ತುಂಬಿಸಿದರೆ ತೆಳು ಬಿಲ್ಲೆಯಾಗುತ್ತದೆ, ನಾಯಿ ಕಡಿಯುವ ಬದಲು ನೆಕ್ಕುತ್ತದೆ. ಇದು ಹಲ್ಲಿನ ದೃಷ್ಟಿಯಿಂದ ಮುಖ್ಯ. ಕಲ್ಲಿನಂಥ ಐಸ್ ಗಡ್ಡೆಯನ್ನು ಜೋರಾಗಿ ಕಡಿಯುವ ನಾಯಿಗಳ ಮೇಲ್ದವಡೆಯ ದೊಡ್ಡ ಹಲ್ಲು ಸೀಳುವುದುಂಟು. ಬಿಲ್ಲೆಯನ್ನು ಬಿಡಿಸಿ ಬೇರೆ ಬಟ್ಟಲಿಗೆ ಹಾಕಿ, ಐದು ನಿಮಿಷ ಹೊರಗಿಟ್ಟು ಅಂಚು ಕರಗತೊಡಗಿದ ಮೇಲೆ ಕೊಡಿ. ಫ್ರೀಜರಿನಿಂದ ತೆಗೆದ ಸ್ಟೀಲ್ ತಟ್ಟೆಯನ್ನೇ ಮುಂದಿಟ್ಟರೆ ನಾಲಿಗೆ ಅದಕ್ಕೆ ಅಂಟಿಕೊಂಡೀತು. ಐಸ್‌ಕ್ಯಾಂಡಿಯಂತೆ ಮರದ ಕಡ್ಡಿ ಚುಚ್ಚಲೂ ಬೇಡಿ. ಹಿಡಿಯಲು ಏನಾದರೂ ಬೇಕೆಂದರೆ ಉದ್ದಕ್ಕೆ ಸೀಳಿದ ಕ್ಯಾರೆಟ್ ನೆಡಿ. ಟೊಳ್ಳು ರಬ್ಬರ್ ಆಟಿಕೆಯೊಳಗೆ ಮೊಸರು ತುಂಬಿ ಗಟ್ಟಿ ಮಾಡುವುದೂ ಒಳ್ಳೆಯ ಉಪಾಯ. ಎರಡೂ ತುದಿಗೆ ರಂಧ್ರವಿರುವ ಆಟಿಕೆಯನ್ನೇ ಕೊಳ್ಳಿ. ಒಂದೇ ರಂಧ್ರವಿದ್ದರೆ ಒಳಗಿನ ಗಾಳಿ ಎಳೆದು ನಾಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಎಷ್ಟು, ಯಾವಾಗ?

ಇಂಥ ತಿನಿಸೆಲ್ಲ ಸೇರಿ ದಿನದ ಒಟ್ಟು ಕ್ಯಾಲೊರಿಯ 10% ದಾಟಬಾರದು ಎಂಬುದು ಪಶುವೈದ್ಯರು ಹೇಳುವ ಲೆಕ್ಕ. ಪಗ್, ಶಿಟ್ಜು, ಪಾಮೆರೇನಿಯನ್‌ನಂಥ ಪುಟ್ಟ ನಾಯಿಗೆ ಒಂದು ಗುಳಿಯಷ್ಟು, ಲ್ಯಾಬ್ರಡಾರ್, ಮುಧೋಳದಂಥ ದೊಡ್ಡದಕ್ಕೆ ಮೂರು ನಾಲ್ಕು ಸಾಕು. ಗಬಗಬ ನುಂಗುವ ನಾಯಿಗೆ ಪುಡಿಮಾಡಿ ಬಟ್ಟಲಿನಲ್ಲಿ ಕೊಡಿ, ತಿಂದು ಮುಗಿಸುವವರೆಗೆ ಪಕ್ಕದಲ್ಲಿರಿ. ಹಾಲುಹಲ್ಲಿನ ಮರಿಗೆ ಗಟ್ಟಿ ಐಸ್ ಬೇಡ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವ ನಾಯಿಯಾದರೆ ವೈದ್ಯರನ್ನು ಕೇಳಿಯೇ ಶುರುಮಾಡಿ. ಐಸ್ ಕೊಟ್ಟರೆ ಹೊಟ್ಟೆ ಉಬ್ಬರಿಸಿ ನಾಯಿ ಸಾಯುತ್ತದೆ ಎಂಬ ಮಾತು ಹರಿದಾಡುತ್ತಿರುತ್ತದೆ. ಐಸಿನಿಂದಲೇ ಹಾಗಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಓಡಿ ಬಂದು ಏದುಸಿರು ಬಿಡುತ್ತಿರುವಾಗ ಒಮ್ಮೆಗೇ ತುಂಬಾ ತಿನ್ನಲು, ಕುಡಿಯಲು ಬಿಡಬೇಡಿ, ಅಷ್ಟೇ.

ಗಟ್ಟಿಯಾದ ಬಿಲ್ಲೆಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ, ಮಾಡಿದ ದಿನಾಂಕ ಬರೆದು ಅಂಟಿಸಿ, ಮೂರು ವಾರದೊಳಗೆ ಮುಗಿಸಿ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗಿ ಕರಗಿದ್ದರೆ ಮತ್ತೆ ಗಟ್ಟಿ ಮಾಡದೆ ಚೆಲ್ಲಿಬಿಡಿ.

ಐಸ್ ಔಷಧವಲ್ಲ

ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ಮುಟ್ಟಿದರೆ ಜೀವಕ್ಕೆ ಅಪಾಯ. ನಾಯಿ ತೂರಾಡುತ್ತಿದ್ದರೆ, ವಸಡು ಕಡುಗೆಂಪಾಗಿದ್ದರೆ, ಅಂಟಾದ ಜೊಲ್ಲು ಸುರಿಸುತ್ತಾ ವಾಂತಿ ಮಾಡಿಕೊಂಡರೆ ಅದು ಬಿಸಿಲಾಘಾತ. ಮೂಗು ಚಪ್ಪಟೆಯಾದ ಪಗ್, ಬುಲ್‌ಡಾಗ್‌ಗಳಿಗೆ ಇದು ಬೇಗ ಬರುತ್ತದೆ. ಆಗ ಬಾಯಿಗೆ ಐಸ್ ತುರುಕಬೇಡಿ. ನೆರಳಿಗೆ ಎಳೆದು ಮೈಮೇಲೆ ನಲ್ಲಿ ನೀರು ಸುರಿಯುತ್ತಾ ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ, ಹೊದಿಸಬೇಡಿ. ಮೈ ತಣಿಯತೊಡಗಿದ ಕೂಡಲೇ, ನಾಯಿ ಎದ್ದು ನಿಂತರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ಅಂಗಗಳಿಗಾದ ಪೆಟ್ಟು ಮಾರನೆಯ ದಿನ ಕಾಣಿಸಿಕೊಳ್ಳಬಹುದು. ಹತ್ತಿರದ ಪಶುವೈದ್ಯರ ಫೋನ್ ನಂಬರನ್ನು ಇವತ್ತೇ ಫ್ರಿಜ್ ಬಾಗಿಲಿಗೆ ಅಂಟಿಸಿಡಿ.