ಮಹಡಿ ಮನೆಗೆ ಹೊರದೇಶದವರು ಬಂದಾಗ

ಕೋಲಾರ ತಾಲ್ಲೂಕಿನ ಕ್ಯಾಲನೂರು ನನ್ನ ತವರು. ಮದುವೆಯಾಗಿ ಬಂದದ್ದು ಮೈಸೂರಿನ ಗೋಕುಲಂಗೆ. ಇದೇ ಮೈಸೂರಿನ ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿ ಯೋಗಗುರು ಪಟ್ಟಾಭಿ ಜೋಯಿಸರು ಹೇಳಿಕೊಡುತ್ತಿದ್ದ ಅಷ್ಟಾಂಗ ಯೋಗಕ್ಕೆ ಬೆಲ್ಜಿಯಂನ ಆಂಡ್ರೆ ವ್ಯಾನ್ ಲೈಸ್‌ಬೆತ್ 1964ರಲ್ಲೇ ಬಂದಿದ್ದರು. 2002ರಲ್ಲಿ ಅವರ ಯೋಗಶಾಲೆ ಗೋಕುಲಂಗೆ ಬಂದ ಮೇಲೆ ನಮ್ಮ ಬೀದಿಗಳ ಮಹಡಿ ಮನೆಗಳಿಗೆಲ್ಲ ಹೊರದೇಶದ ಬಾಡಿಗೆದಾರರು ಬರತೊಡಗಿದರು. ನಮ್ಮ ಮಹಡಿಗೂ ಬಂದರು. ತಿಂಗಳುಗಟ್ಟಲೆ ಇದ್ದು ಹೋಗುವ ಇವರೊಂದಿಗೆ ಬದುಕಿ ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಮೊದಲು ಕಾಗದ, ಆಮೇಲೆ ಬೀಗದ ಕೈ

ಹೊರದೇಶದವರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರು ಆನ್‌ಲೈನಿನಲ್ಲಿ ಬಂದವರ ವಿವರ ಸರ್ಕಾರಕ್ಕೆ ತಿಳಿಸುವ ಫಾರಂ ತುಂಬಬೇಕು. ಹೋಟೆಲಿನವರಿಗಷ್ಟೇ ಇರುವ ನಿಯಮ ಇದು ಅಂದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಒಂದು ಕೋಣೆ ಕೊಟ್ಟರೂ ತುಂಬಲೇಬೇಕು. ಪಾಸ್‌ಪೋರ್ಟಿನ ಜೊತೆಗೆ ವೀಸಾವನ್ನೂ ಕೂತು ಓದಿ. ವರ್ಷಗಟ್ಟಲೆ ಚಾಲ್ತಿಯಿರುವ ಪ್ರವಾಸಿ ವೀಸಾ ಇದ್ದರೂ ಒಂದೇ ಸಲಕ್ಕೆ ಇಷ್ಟೇ ದಿನ ಇರಬಹುದು ಎಂಬ ಮಿತಿ ಬೇರೆ ಇರುತ್ತದೆ. ಆ ಮಿತಿ ದಾಟಿದರೆ ವಿಮಾನ ನಿಲ್ದಾಣದಲ್ಲಿ ಒದ್ದಾಡುವುದು ಅವರು, ಉತ್ತರ ಹೇಳಬೇಕಾದದ್ದು ನೀವು.

2. ಕಾಯಿಲೆ ಬಿದ್ದಾಗ ಮನೆಯವರೆಂದರೆ ನಾವೇ

ಒಂದು ಮಳೆಗಾಲದ ಕೊನೆಯಲ್ಲಿ ಮಹಡಿಯಲ್ಲಿದ್ದ ಜಪಾನಿನ ಹುಡುಗಿ ಬೆಳಗ್ಗೆ ಕೆಳಗಿಳಿಯಲೇ ಇಲ್ಲ. ಚಪ್ಪಲಿ ಮೆಟ್ಟಿಲ ಬಳಿ ಬಿಟ್ಟಲ್ಲೇ ಇತ್ತು. ಹತ್ತಿ ಹೋಗಿ ನೋಡಿದರೆ ಯೋಗದ ಚಾಪೆಯ ಮೇಲೇ ಮುದುರಿಕೊಂಡು ಮಲಗಿದ್ದಾಳೆ, ಮೈ ಸುಡುತ್ತಿದೆ. ಡೆಂಗಿ. ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದ ಮೊದಲ ಮಾತು, "ಪೇಷೆಂಟ್ ಕಡೆಯವರು ಯಾರು?" ನಾನೇ ಅಂದೆ, ಸಹಿ ಹಾಕಿದೆ. ವಿಮೆಯ ಪಾಲಿಸಿ ನಂಬರು ಅವಳ ಫೋನಿನೊಳಗೆ, ಫೋನಿಗೆ ಪಾಸ್‌ವರ್ಡು, ಅವಳಿಗೆ ಮೈಮೇಲೆ ಪ್ರಜ್ಞೆಯಿಲ್ಲ. ತಾಯಿಯ ನಂಬರು ಸಿಗುವ ಹೊತ್ತಿಗೆ ನಮಗೆ ರಾತ್ರಿ ಹತ್ತು, ಅವರಿಗೆ ನಡುರಾತ್ರಿ ಒಂದೂವರೆ. ಆ ತಾಯಿಯ ಮಾತು ನನಗೆ ಅರ್ಥವಾಗಲಿಲ್ಲ, ಅಳು ಅರ್ಥವಾಯಿತು. ಹುಡುಗಿ ಚೇತರಿಸಿಕೊಂಡು ಊರು ಸೇರಿದಳು.

ಆಗಿನಿಂದ ಬರುವ ಪ್ರತಿಯೊಬ್ಬರ ಹೆಸರಿನಲ್ಲಿ ನೋಟ್‌ಬುಕ್ಕಿನ ಒಂದು ಪುಟ ಇಡುತ್ತೇನೆ: ಮನೆಯವರ ನಂಬರು, ವಿಮೆಯ ನಂಬರು, ರಕ್ತದ ಗುಂಪು, ಯಾವ ಔಷಧಿ ಒಗ್ಗುವುದಿಲ್ಲ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸದೆ ಬಾಡಿಗೆಗೆ ಕೊಡುವುದು ತಪ್ಪು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

3. ನಸುಕಿಗೆ ಮುಂಚೆ ನೀರು ಬೇಕು

ನಾವು ಏಳುವ ಹೊತ್ತಿಗೆ ಅವರ ಸ್ನಾನ ಮುಗಿದು, ಚಾಪೆ ಹೆಗಲೇರಿರುತ್ತದೆ. ಹಿಂದಿನ ದಿನ ಮೋಡವಿದ್ದರೆ ಸೋಲಾರ್ ನೀರು ಬಿಸಿಯಿರುವುದಿಲ್ಲ, ಗೀಸರ್ ಇರಬೇಕು. ಓವರ್‌ಹೆಡ್ ಟ್ಯಾಂಕ್ ರಾತ್ರಿಯೇ ತುಂಬಿರಬೇಕು. ನಡುರಾತ್ರಿ ಮೋಟಾರ್ ಹಾಕಿದರೆ ಪಕ್ಕದ ಮನೆಯವರು ಬೈಯುತ್ತಾರೆ, ಬೈಯುವುದು ನ್ಯಾಯವೇ. ಶನಿವಾರ, ಅಮಾವಾಸ್ಯೆ, ಹುಣ್ಣಿಮೆ ಅವರಿಗೆ ಅಭ್ಯಾಸಕ್ಕೆ ರಜೆ. ಹೀಗಾಗಿ ನಮ್ಮಂತೆ ಅವರೂ ಪಂಚಾಂಗ ನೋಡುತ್ತಾರೆ! ಬಣ್ಣ ಬಳಿಯುವುದು, ನಲ್ಲಿ ರಿಪೇರಿ ಏನಿದ್ದರೂ ನಾನು ಆ ದಿನಗಳಿಗೇ ಇಟ್ಟುಕೊಳ್ಳುತ್ತೇನೆ.

4. ಬೆಲೆ ಎಲ್ಲರಿಗೂ ಒಂದೇ ಇರಲಿ

ಹಂಪಿಯ ವಿಜಯ ವಿಠ್ಠಲ ದೇವಾಲಯಕ್ಕೆ ನಮಗೆ 40 ರೂಪಾಯಿ ಟಿಕೆಟ್ ಇದ್ದಾಗ ಹೊರದೇಶದವರಿಗೆ 600 ರೂಪಾಯಿ. ಅದು ಸರ್ಕಾರದ ದರ, ಬೋರ್ಡಿನ ಮೇಲೆ ಬರೆದಿರುತ್ತದೆ, ಕೊಡುವವರಿಗೂ ಗೊತ್ತಿರುತ್ತದೆ. ಎಳನೀರಿಗೆ, ಆಟೋಗೆ, ಸೊಪ್ಪಿನ ಕಟ್ಟಿಗೆ ಮುಖ ನೋಡಿ ಹೇಳುವ ಬೆಲೆ ಬೇರೆಯೇ. ಎರಡು ವಾರ ಇರುವವರು ಕೊಟ್ಟು ಸುಮ್ಮನಾಗುತ್ತಾರೆ. ಮೂರು ತಿಂಗಳು ಇರುವವರಿಗೆ ದಿನವೂ ಅದು ಚುಚ್ಚುತ್ತದೆ, ಕೊನೆಗೆ ಯಾರನ್ನೂ ನಂಬದಂತಾಗುತ್ತಾರೆ. ಬಂದ ವಾರವೇ ಅವರನ್ನು ನನ್ನ ಜೊತೆ ದೇವರಾಜ ಮಾರುಕಟ್ಟೆಗೆ ಕರೆದೊಯ್ಯುತ್ತೇನೆ. ನನ್ನ ಚೀಲಕ್ಕೆ ಟೊಮೆಟೊ ಯಾವ ದರಕ್ಕೆ ಬೀಳುತ್ತದೋ ಅವರ ಚೀಲಕ್ಕೂ ಅದೇ ದರ. ಕೋಲಾರದವಳಿಗೆ ಟೊಮೆಟೊ ದರದಲ್ಲಿ ಯಾರೂ ಮೋಸ ಮಾಡಲಾರರು. ಬಾಡಿಗೆಯೂ ಹಾಗೇ: ಕರೆಂಟು, ಗ್ಯಾಸು, ಮನೆಗೆಲಸದವರ ಸಂಬಳ ಸೇರಿದೆಯೋ ಇಲ್ಲವೋ ಎಂದು ಮೊದಲ ದಿನವೇ ಬರೆದುಕೊಡಬೇಕು.

5. ಭಾಷೆಗೆ ಹೆದರಬೇಡಿ

ಕೋಲಾರದ ಕಡೆ ಬೆಳೆದವರಿಗೆ ಒಂದೇ ಮಾತಿನಲ್ಲಿ ಕನ್ನಡ, ತೆಲುಗು ಎರಡೂ ಬಂದುಹೋಗುತ್ತವೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ರಷ್ಯಾ, ಬ್ರೆಜಿಲ್‌ನಿಂದ ಬರುವ ಎಷ್ಟೋ ಜನರದ್ದೂ ಹಾಗೆಯೇ. ನೂರರವರೆಗೆ ಎಣಿಸುವುದನ್ನು ಕನ್ನಡದಲ್ಲಿ ಕಲಿಸಿಬಿಟ್ಟರೆ ಅಂಗಡಿಯವರು ಅವರೊಂದಿಗೆ ಮಾತಾಡುವ ರೀತಿಯೇ ಬದಲಾಗುತ್ತದೆ.

6. ಮಹಡಿ ಖಾಲಿ ಇರುವವರಿಗೆ

ಯೋಗದವರು ಹೆಚ್ಚಾಗಿ ಬರುವುದು ದಸರಾ ಕಳೆದು ಚಳಿ ಶುರುವಾದ ಮೇಲೆ. ಬೇಸಿಗೆಗೆ ಬೀದಿ ಖಾಲಿಯಾಗುತ್ತದೆ. ಹೊರದೇಶದವರ ಬಾಡಿಗೆಯನ್ನೇ ನಂಬಿ ಬ್ಯಾಂಕಿನಲ್ಲಿ ಸಾಲ ಮಾಡಿ ಇನ್ನೊಂದು ಮಹಡಿ ಎಬ್ಬಿಸಬೇಡಿ. ಇರುವ ಮಹಡಿಯನ್ನು ಶುಚಿಯಾಗಿಡಿ, ಜಾಲರಿ ಹಾಕಿಸಿ, ಬಂದವರ ಕೈಗೆ ಬೀಗದ ಕೈ ಕೊಡುವ ದಿನವೇ ಸರ್ಕಾರದ ಆ ಫಾರಂ ತುಂಬಿ.